ಕೆಂಡದ ಕಾವಲಿಗೆ ಒಂದು ಪುಟ್ಟ ಫ್ಯಾನು

ಹನ್ನೊಂದು ವರ್ಷ ಮನೆಮಂದಿಗೆಲ್ಲ ಉಣಬಡಿಸಿದ ಒಲೆಯ ಹೊಟ್ಟೆಗೆ ಡ್ರಿಲ್ಲಿನ ಮೊನೆ ಒತ್ತಿ ನಿಂತಾಗ, ಉಂಡ ಮನೆಗೆ ಕನ್ನ ಹಾಕುವುದೆಂದರೆ ಇದೇ ಇರಬೇಕು ಎಂದು ನನಗೆ ಅನ್ನಿಸಿದ್ದು ನಿಜ. ಶಿಕಾಗೋದ ವಾಯವ್ಯ ದಿಕ್ಕಿನ ಉಪನಗರವೊಂದರಲ್ಲಿ, ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಕಾಲುಗಳ ಮೇಲೆ ನಿಂತಿರುವ ಆ ಒಲೆ 22 ಅಂಗುಲ ವ್ಯಾಸದ ವೆಬರ್ ಕೆಟಲ್ ಗ್ರಿಲ್. ಇಲ್ಲಿನವರ ಬಾಯಲ್ಲಿ ಬರೀ ಕೆಟಲ್. ಕೆಳಗೊಂದು ಬೋಗುಣಿ, ಅದರ ಮೇಲೆ ಕವುಚಿದ ಇನ್ನೊಂದು ಬೋಗುಣಿ, ನಡುವೆ ಎರಡು ಸರಳಿನ ಜಾಲರಿಗಳು: ಕೆಳಗಿನದರ ಮೇಲೆ ಇದ್ದಿಲು, ಮೇಲಿನದರ ಮೇಲೆ ಮಾಂಸ. ಉಕ್ಕಿನ ತಗಡಿನ ಮೇಲೆ ಗಾಜಿನಂಥ ಎನಾಮೆಲನ್ನು ಕರಗಿಸಿ ಕೂರಿಸಿರುವುದರಿಂದ ಮಳೆ, ಹಿಮ, ಬೆಂಕಿ ಯಾವುದಕ್ಕೂ ಅದು ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಆ ಎನಾಮೆಲು ಒಂದು ಕಡೆ ಚಕ್ಕೆಯೆದ್ದಿತೆಂದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅದಕ್ಕೆ ಒಂದಂಗುಲದ ತೂತು ಕೊರೆದು, ಇದ್ದಿಲಿಗೆ ಗಾಳಿ ಊದುವ ಒಂದು ಪುಟ್ಟ ಫ್ಯಾನನ್ನು ಸಿಕ್ಕಿಸುವ ಕೆಲಸಕ್ಕೆ ಏಕೆ ಇಳಿದೆ ಎಂಬುದನ್ನು ಮೊದಲು ಹೇಳಬೇಕು.

ಈ ಗುಂಡು ಒಲೆ ಹುಟ್ಟಿದ್ದೂ ಇದೇ ಸೀಮೆಯಲ್ಲಿ. 1952ರಲ್ಲಿ, ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಶಿಕಾಗೋದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಬೋಯಿಗಳಿಗಾಗಿ ಅಲ್ಲಿ ತಯಾರಾಗುತ್ತಿದ್ದ ಲೋಹದ ಅರ್ಧಗೋಳಗಳನ್ನು ನೋಡಿ, ಒಂದನ್ನು ಒಲೆಯಾಗಿಸಿ ಇನ್ನೊಂದನ್ನು ಮುಚ್ಚಳವಾಗಿಸಿದರು. ಆಗಿನ ಬಾಯ್ತೆರೆದ ಗ್ರಿಲ್ಲುಗಳಲ್ಲಿ ಗಾಳಿ ಬಂದರೆ ಬೂದಿ ಹಾರುತ್ತಿತ್ತು, ಕೊಬ್ಬು ತೊಟ್ಟಿಕ್ಕಿದರೆ ಉರಿ ಭುಗಿಲೇಳುತ್ತಿತ್ತು. ಮುಚ್ಚಳ ಬಂದ ಮೇಲೆ ಬೆಂಕಿಗೆ ಲಗಾಮು ಬಿತ್ತು. ಆ ಲಗಾಮು ಗಾಳಿಯದು. ಬೋಗುಣಿಯ ತಳದಲ್ಲಿ ಮೂರು ಕಿಂಡಿಗಳಿವೆ, ಮುಚ್ಚಳದ ನೆತ್ತಿಯಲ್ಲಿ ಒಂದು. ತಳದ ಕಿಂಡಿಗಳ ಮೇಲೆ ಮೂರು ಅಲಗುಗಳು ಸರಿದಾಡುತ್ತವೆ, ಹೊರಗಿನ ಒಂದು ಹಿಡಿಯಿಂದ ಮೂರನ್ನೂ ಒಟ್ಟಿಗೆ ತೆರೆಯಬಹುದು, ಮುಚ್ಚಬಹುದು. ಬೂದಿಯನ್ನು ಗುಡಿಸಿ ಕೆಳಗಿನ ಡಬ್ಬಿಗೆ ತಳ್ಳುವುದೂ ಅವೇ ಅಲಗುಗಳು. ಅರ್ಧ ಗಂಟೆಯಲ್ಲಿ ಬೇಯುವ ಕೋಳಿಯ ತುಂಡುಗಳಿಗೆ ಇದಕ್ಕಿಂತ ಒಳ್ಳೆಯ ಒಲೆಯನ್ನು ನಾನು ಕಂಡಿಲ್ಲ.

ನನ್ನ ತಲೆ ಕೆಡಿಸಿದ್ದು ಪಕ್ಕದ ಮನೆಯ ಹಿರಿಯರು. ಅವರು ಟೆನೆಸೀಯಿಂದ ಬಂದವರು, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಭಾನುವಾರ ಬೇಲಿಯ ಮೇಲಿಂದ ಅವರು ದಾಟಿಸಿದ ತಟ್ಟೆಯಲ್ಲಿ ಹಂದಿಯ ಭುಜದ ಮಾಂಸವಿತ್ತು. ನಾನು ಮೂಡಿಗೆರೆಯ ಕಡೆಯವನು, ಹಂದಿಮಾಂಸಕ್ಕೆ ಹೊಸಬನಲ್ಲ. ಆದರೆ ನಮ್ಮಲ್ಲಿ ಸಣ್ಣ ಹೋಳು ಮಾಡಿ ಕರಿಮೆಣಸು, ಹುಳಿ ಹಾಕಿ ಬೇಯಿಸುವ ಮಾಂಸವೇ ಬೇರೆ, ನಾಲ್ಕು ಕಿಲೋ ತೂಗುವ ಇಡೀ ತುಂಡನ್ನು ಹದಿಮೂರು ಗಂಟೆ ಹೊಗೆಯಲ್ಲಿಟ್ಟು, ಕೊನೆಗೆ ಚಾಕುವೇ ಬೇಡದಂತೆ ಫೋರ್ಕಿನಿಂದ ಎಳೆಎಳೆಯಾಗಿ ಬಿಡಿಸುವ ಈ ಮಾಂಸವೇ ಬೇರೆ. ಭುಜವೆಂದರೆ ಪ್ರಾಣಿ ಬದುಕಿರುವಷ್ಟು ಕಾಲವೂ ದುಡಿದ ಜಾಗ. ಅದರ ತುಂಬ ಕಾಲಜನ್ ಎಂಬ ಗಟ್ಟಿ ನಾರು. ಆ ನಾರು ಕರಗಿ ಜೆಲಟಿನ್ ಆಗಬೇಕಾದರೆ ಬರೀ ಶಾಖ ಸಾಲದು, ಹೊತ್ತು ಬೇಕು. ಒಲೆಯೊಳಗಿನ ಗಾಳಿಯನ್ನು 225 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಟ್ಟು, ಮಾಂಸದ ನಡುಭಾಗ 200 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿಗೆ ಬರುವವರೆಗೆ ಕಾಯಬೇಕು.

ಹಿರಿಯರು ಅದನ್ನೆಲ್ಲ ಕೈಯಿಂದಲೇ ನಿಭಾಯಿಸುತ್ತಿದ್ದರು. ಬ್ರಿಕೆಟ್ಟುಗಳನ್ನು, ಅಂದರೆ ಇದ್ದಿಲಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬಿಲ್ಲೆಗಳನ್ನು, ಬೋಗುಣಿಯ ಅಂಚಿನುದ್ದಕ್ಕೂ ಹಾವಿನಂತೆ ಎರಡು ಸಾಲು ಜೋಡಿಸಿ ಒಂದು ತುದಿಗೆ ಮಾತ್ರ ಬೆಂಕಿ ಹಚ್ಚುತ್ತಿದ್ದರು; ಪಟಾಕಿಯ ಬತ್ತಿಯಂತೆ ಅದು ಒಂದೊಂದಾಗಿ ಹತ್ತಿಕೊಂಡು ಹೋಗುತ್ತಿತ್ತು. ಅದೇ ಹಾವನ್ನು ನಾನು ಮಾಡಿದರೆ ಒಮ್ಮೆ ನಡುವೆಯೇ ಆರುತ್ತಿತ್ತು, ಇನ್ನೊಮ್ಮೆ ಎರಡು ಕಡೆ ಹತ್ತಿಕೊಳ್ಳುತ್ತಿತ್ತು. ಇಲಿನಾಯ್ ಬಯಲುಸೀಮೆ, ಗಾಳಿಗೆ ತಡೆಯೇ ಇಲ್ಲ. ಸಂಜೆ ಆರಕ್ಕೆ ಸರಿಯಾಗಿ ಇಟ್ಟ ಕಿಂಡಿ ರಾತ್ರಿ ಹತ್ತಕ್ಕೆ ಗಾಳಿಯ ದಿಕ್ಕು ಬದಲಾದೊಡನೆ ತಪ್ಪಾಗುತ್ತಿತ್ತು. ಬೆಳಗಿನ ಊಟಕ್ಕೆ ಮಾಂಸ ಸಿದ್ಧವಾಗಬೇಕಾದರೆ ರಾತ್ರಿಯಿಡೀ ಗಂಟೆಗೊಮ್ಮೆ ಜಾಕೆಟ್ ಹಾಕಿಕೊಂಡು ಹೋಗಿ ನೋಡಬೇಕು. "ರೀ, ಮಗು ಹುಟ್ಟಿದಾಗ್ಲೂ ನೀವು ರಾತ್ರಿ ಇಷ್ಟು ಸಲ ಎದ್ದಿರ್ಲಿಲ್ಲ" ಎಂದು ಹೆಂಡತಿ ಮಗ್ಗುಲು ಬದಲಿಸುತ್ತಾ ಹೇಳಿದ ರಾತ್ರಿಯೇ ಫ್ಯಾನಿನ ನಿರ್ಧಾರವಾಯಿತು ಎನ್ನಬಹುದು.

ಫ್ಯಾನಿನ ಹಿಂದಿರುವ ಲೆಕ್ಕ ಬಹಳ ಚೆಲುವಾದದ್ದು, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಲೆಯಲ್ಲಿ ಇದ್ದಿಲು ಬೇಕಾದಷ್ಟಿರುತ್ತದೆ. ಕೊರತೆಯಿರುವುದು ಆಮ್ಲಜನಕಕ್ಕೆ ಮಾತ್ರ. ಹೀಗಾಗಿ ಎಷ್ಟು ಶಾಖ ಹುಟ್ಟಬೇಕೆಂಬುದನ್ನು ತೀರ್ಮಾನಿಸುವುದು ಇದ್ದಿಲಿನ ರಾಶಿಯಲ್ಲ, ಒಳಗೆ ಬಂದ ಗಾಳಿ. ಇಂಗಾಲ ಪೂರ್ತಿಯಾಗಿ ಉರಿಯುವಾಗ 32 ಗ್ರಾಂ ಆಮ್ಲಜನಕಕ್ಕೆ ಸುಮಾರು 393 ಕಿಲೋಜೂಲ್ ಶಾಖ ಕೊಡುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 280 ಗ್ರಾಂ ಆಮ್ಲಜನಕವಿದೆ ಎಂದು ಹಿಡಿದರೆ, ಅಷ್ಟು ಗಾಳಿಯಿಂದ ಹೆಚ್ಚೆಂದರೆ 3.4 ಮೆಗಾಜೂಲ್ ಶಾಖ ಸಿಗುತ್ತದೆ. ಇನ್ನು ಕೆಟಲ್ಲಿನ ಹೊರಮೈ ಸುಮಾರು ಒಂದು ಚದರ ಮೀಟರ್. ಗಾಳಿಯಿಲ್ಲದ ದಿನ ಅದನ್ನು 225 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಡಲು ನನ್ನ ಅಂದಾಜಿನಲ್ಲಿ ಒಂದು ಕಿಲೋವ್ಯಾಟ್, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ಶಾಖ ಸಾಕು. ಆ ಒಂದು ಕಿಲೋವ್ಯಾಟಿಗೆ ಬೇಕಾದ ಗಾಳಿ ನಿಮಿಷಕ್ಕೆ ಹದಿನೆಂಟು ಲೀಟರಿನಷ್ಟು. ಒಳಬಂದ ಆಮ್ಲಜನಕದಲ್ಲಿ ಅರ್ಧ ಹಾಗೆಯೇ ಹೊರಗೆ ಹೋಗುತ್ತದೆಂದರೂ ಮೂವತ್ತಾರು. ನಿಧಾನವಾಗಿ ನಡೆಯುತ್ತಿರುವ ಒಬ್ಬ ಮನುಷ್ಯ ಉಸಿರಾಡುವುದೂ ನಿಮಿಷಕ್ಕೆ ಸುಮಾರು ಇಪ್ಪತ್ತು ಲೀಟರ್. ಹದಿಮೂರು ಗಂಟೆಯ ಅಡುಗೆಯ ಬೆಂಕಿ ಬದುಕುವುದು ಒಬ್ಬರ, ಹೆಚ್ಚೆಂದರೆ ಇಬ್ಬರ ಉಸಿರಿನಲ್ಲಿ.

ಊದುಗೊಳವೆಯ ಮುಂದೆ ಕುಳಿತು ಬೆಳೆದ ನನಗೆ ಈ ಲೆಕ್ಕ ಮೈ ಜುಮ್ಮೆನ್ನಿಸಿತು. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಗ್ರಿಲ್ ಫ್ಯಾನುಗಳಲ್ಲಿ ಒಂದರ ಮೇಲೆ ನಿಮಿಷಕ್ಕೆ 10 ಘನ ಅಡಿ ಎಂದು ಬರೆದಿರುತ್ತದೆ, ಅಂದರೆ 283 ಲೀಟರ್. ಬೇಕಾದುದಕ್ಕಿಂತ ಎಂಟು ಪಟ್ಟು, ಹದಿನೈದು ಪಟ್ಟು ಹೆಚ್ಚು. ಆದ್ದರಿಂದ ಅದು ಸದಾ ತಿರುಗುವ ಫ್ಯಾನಲ್ಲ. ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆ ಜಾಲರಿಯ ಮೇಲಿನ ತಾಪವನ್ನು ಪ್ರೋಬ್ ಎಂಬ ತಾಪ ಅಳೆಯುವ ಕಡ್ಡಿಯಿಂದ ಓದಿ, ಬೇಕೆನಿಸಿದಾಗ ಎರಡು ಸೆಕೆಂಡು ಊದಿಸಿ ಎಂಟು ಸೆಕೆಂಡು ಸುಮ್ಮನಿರಿಸುತ್ತದೆ. ನಮ್ಮೂರ ಕುಲುಮೆಯಲ್ಲಿ ತಿದಿಯೊತ್ತುತ್ತಿದ್ದ ಹುಡುಗನಿಗೆ ಕಮ್ಮಾರ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದನಲ್ಲ, ಹಾಗೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೋ, ಊದಿದ್ರೆ ಉರಿ ಹೆಚ್ಚಾಗತ್ತೆ, ಸರಿ. ಹೆಚ್ಚಾಗಿದ್ದನ್ನ ಕಮ್ಮಿ ಮಾಡೋಕೆ ಏನ್ ಮಾಡ್ತೀಯ? ಸೌದೆ ಹಿಂದಕ್ಕೆ ಎಳೆಯೋಕಾಗತ್ತಾ ಅದರಲ್ಲಿ?" ಎಂದು ಕೇಳಿದರು. ಫ್ಯಾನ್ ನಿಲ್ಲಿಸಿದರೆ ತಾನಾಗಿ ಕಡಿಮೆಯಾಗುತ್ತದಮ್ಮ ಎಂದೆ. ಅವರು ಹೂಂ ಎಂದು ಕಾಫಿ ಕೊಯ್ಲಿನ ಮಾತಿಗೆ ಹೊರಳಿದರು.

ಫ್ಯಾನ್ ಜೋಡಿಸಲು ಎರಡು ದಾರಿಗಳಿದ್ದವು. ತಳದ ಮೂರು ಕಿಂಡಿಗಳಲ್ಲಿ ಎರಡನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ ಮೂರನೆಯದಕ್ಕೆ ತಗಡಿನ ಅಡಾಪ್ಟರ್ ಕೂರಿಸುವುದು ಒಂದು. ಅದರಲ್ಲಿ ಕೆಟಲ್ಲಿಗೆ ಗಾಯವಾಗುವುದಿಲ್ಲ, ಆದರೆ ನನ್ನ ಕೆಟಲ್ಲಿನ ಬೂದಿಡಬ್ಬಿ ಆ ಜಾಗವನ್ನೆಲ್ಲ ಆಕ್ರಮಿಸಿಕೊಂಡಿತ್ತು, ಅದನ್ನು ತೆಗೆದರೆ ಬೂದಿಯೆಲ್ಲ ಹುಲ್ಲಿನ ಮೇಲೆ. ಎರಡನೆಯದು, ಇದ್ದಿಲಿನ ಜಾಲರಿಗಿಂತ ಕೆಳಗೆ ಬೋಗುಣಿಯ ಪಕ್ಕೆಗೆ ತೂತು ಕೊರೆದು ಕೊಳವೆ ಕೂರಿಸುವುದು. ಮೇಲೆ ಹೇಳಿದ ಕನ್ನ ಇದೇ. ಕೊರೆಯುವ ಜಾಗಕ್ಕೆ ಒಳಗೂ ಹೊರಗೂ ಪೇಂಟರುಗಳ ಟೇಪು ಅಂಟಿಸಿ, ಸಣ್ಣ ಮೊನೆಯಿಂದ ಶುರುಮಾಡಿ, ಮೆಟ್ಟಿಲುಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್ಟಿನಿಂದ ತೀರ ನಿಧಾನವಾಗಿ ಹಿಗ್ಗಿಸಿದೆ. ಹೀಗೆ ಮಾಡಿದರೂ ಅಂಚಿನಲ್ಲಿ ಉಗುರಿನಷ್ಟು ಎನಾಮೆಲು ಹಾರಿತು. ಬತ್ತಲಾದ ಉಕ್ಕಿಗೆ ಶಾಖ ತಡೆಯುವ ಬಣ್ಣ ಬಳಿದು ಸಮಾಧಾನ ಮಾಡಿಕೊಂಡೆ. ಕೊಳವೆಗೆ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿಕೊಂಡೆ, ಏಕೆಂದರೆ ಪ್ಲಂಬಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೊಳವೆಗಳಿಗೆ ಸತುವಿನ ಲೇಪವಿರುತ್ತದೆ ಮತ್ತು ಕೆಂಡದ ಮಗ್ಗುಲಲ್ಲಿ ಕಾದರೆ ಅದರ ಹೊಗೆ ಉಸಿರಿಗೂ ಊಟಕ್ಕೂ ಒಳ್ಳೆಯದಲ್ಲ. ಕೊಳವೆ ಒಳಗೆ ತೆರೆದುಕೊಳ್ಳುವಲ್ಲಿ ಒಂದು ಮೊಣಕೈ ಹಾಕಿ ಬಾಯನ್ನು ನೆಲದ ಕಡೆಗೆ ತಿರುಗಿಸಿದೆ. ನೇರವಾಗಿ ಊದಿದರೆ ಎದುರಿನ ನಾಲ್ಕು ಬ್ರಿಕೆಟ್ಟುಗಳು ಕುಲುಮೆಯಂತೆ ಬೆಳ್ಳಗೆ ಕಾದು ಮಿಕ್ಕವು ತಣ್ಣಗಿರುತ್ತವೆ, ಬೂದಿ ಎದ್ದು ಮಾಂಸಕ್ಕೆ ಮೆತ್ತಿಕೊಳ್ಳುವುದು ಬೇರೆ.

ಫ್ಯಾನೂ ಎಲ್ಲ ಬಗೆಯದು ನಡೆಯುವುದಿಲ್ಲ. ಟೇಬಲ್ ಫ್ಯಾನಿನಂತೆ ರೆಕ್ಕೆ ಬಿಚ್ಚಿಕೊಂಡಿರುವುದು ತೆರೆದ ಜಾಗದಲ್ಲಿ ಗಾಳಿ ಬೀಸುತ್ತದೆಯೇ ಹೊರತು, ಕಿರಿದಾದ ಕೊಳವೆಯೊಳಗೆ ಒತ್ತಿ ತಳ್ಳುವ ಕಸುವು ಅದಕ್ಕಿಲ್ಲ. ಬಸವನಹುಳುವಿನ ಚಿಪ್ಪಿನಾಕಾರದ ಬ್ಲೋವರ್ ಬೇಕು. ನಾನು ತಂದದ್ದು 12 ವೋಲ್ಟಿನ ಅಂಥದೇ ಒಂದು ಬ್ಲೋವರ್, ಅಂಗೈಯಲ್ಲಿ ಹಿಡಿಯುವಷ್ಟು.

ಮೊದಲ ರಾತ್ರಿ ಮಾಂಸವಿಡುವ ಮುಂಚೆ ಬರೀ ಇದ್ದಿಲಿನೊಂದಿಗೆ ಪರೀಕ್ಷೆ ಮಾಡಿದೆ, ಆ ಬುದ್ಧಿಯಾದರೂ ಇತ್ತು. ತಳದ ಮೂರೂ ಕಿಂಡಿ ಮುಚ್ಚಿ, ನೆತ್ತಿಯ ಕಿಂಡಿಯನ್ನು ಕಾಲು ಭಾಗ ತೆರೆದು, ಕಂಟ್ರೋಲರಿಗೆ 225 ಎಂದು ಹೇಳಿದೆ. ಫ್ಯಾನು ಗುಂಯ್ ಎಂದಿತು. ತಾಪ 180, 200, 215 ಎಂದು ಏರುತ್ತಿದ್ದಂತೆ ಕಂಟ್ರೋಲರ್ ಊದುವುದನ್ನು ಕಡಿಮೆ ಮಾಡುತ್ತಾ ಬಂದು, 225 ಮುಟ್ಟಿದಾಗ ಪೂರ್ತಿ ನಿಲ್ಲಿಸಿತು. ಇಲ್ಲಿಯವರೆಗೆ ಎಲ್ಲವೂ ಕರಪತ್ರದಲ್ಲಿ ಬರೆದ ಹಾಗೆಯೇ. ಆಮೇಲೆ 235 ಆಯಿತು. ಫ್ಯಾನು ಸೊನ್ನೆ. 250 ಆಯಿತು. ಫ್ಯಾನು ಸೊನ್ನೆ. 290ಕ್ಕೆ ಹೋಗಿ ನಿಂತಾಗ ರಾತ್ರಿ ಹನ್ನೊಂದೂವರೆ. ಪರದೆಯ ಮೇಲೆ ಅದೇ ಸೊನ್ನೆ ನನ್ನನ್ನೇ ನೋಡುತ್ತಿತ್ತು. ಸೌದೆ ಹಿಂದಕ್ಕೆ ಎಳೆಯೋಕಾಗತ್ತಾ ಎಂಬ ಮಾತು ಆಗ ನೆನಪಿಗೆ ಬಂತು.

ಮನೆಯೊಳಗಿನ ಥರ್ಮೋಸ್ಟಾಟಿಗೆ ಎರಡು ಕೈಗಳಿವೆ: ಚಳಿಯಾದರೆ ಹೀಟರ್, ಸೆಕೆಯಾದರೆ ಏಸಿ. ಈ ಕಂಟ್ರೋಲರಿಗೆ ಇರುವುದು ಕೊಡುವ ಕೈ ಒಂದೇ. ಅದು ಗಾಳಿ ಕೊಡಬಲ್ಲದು, ಕೊಡದೆ ಇರಬಲ್ಲದು. ಬೇರೆ ದಾರಿಯಿಂದ ನುಗ್ಗಿದ ಗಾಳಿಯನ್ನು ಕಿತ್ತುಕೊಳ್ಳಲಾರದು. ನನ್ನ ಒಲೆಗೆ ಬೇಕಾಗಿದ್ದದ್ದು ನಿಮಿಷಕ್ಕೆ ಹದಿನೆಂಟರಿಂದ ಮೂವತ್ತಾರು ಲೀಟರ್ ಎಂದು ನಾನೇ ಲೆಕ್ಕ ಹಾಕಿದ್ದೆ. ಸೋರುಕಿಂಡಿಗಳಿಂದಲೇ ಐವತ್ತು ಲೀಟರ್ ಒಳಬರುತ್ತಿದ್ದರೆ ಫ್ಯಾನಿಗೆ ಅಲ್ಲಿ ಏನು ಕೆಲಸ? ಫ್ಯಾನ್ ಬಂದಂತೆ ಬೆಂಕಿಯ ಯಜಮಾನಿಕೆಯೂ ಅದಕ್ಕೆ ಬರುತ್ತದೆಂದು ನಾನು ತಿಳಿದಿದ್ದೆ. ಯಜಮಾನಿಕೆ ಬರಬೇಕಾದರೆ ಮನೆಗೆ ಒಂದೇ ಬಾಗಿಲಿರಬೇಕು, ಆ ಬಾಗಿಲಲ್ಲಿ ಫ್ಯಾನು ಕುಳಿತಿರಬೇಕು. ಹಾಗಾಗಿ ನನ್ನ ಮುಂದಿದ್ದ ಕೆಲಸ ಫ್ಯಾನಿನದಾಗಿರಲೇ ಇಲ್ಲ. ಹನ್ನೊಂದು ವರ್ಷ ಹಳೆಯ ಕೆಟಲ್ಲಿನ ಬಾಯಿ ಮುಚ್ಚಿಸುವುದಾಗಿತ್ತು, ಅದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು.

ಸೋರಿಕೆ ಎಲ್ಲೆಲ್ಲಿದೆ ಎಂದು ಕಂಡುಹಿಡಿಯಲು ದೇವರ ಮನೆಯಿಂದ ಊದುಬತ್ತಿ ತಂದೆ. ಬೆಂಕಿಯಿಲ್ಲದ ಕೆಟಲ್ಲಿಗೆ ಮುಚ್ಚಳ ಹಾಕಿ, ನೆತ್ತಿಯ ಕಿಂಡಿಗೆ ಟೇಪು ಹಚ್ಚಿ, ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಹೊತ್ತಿಸಿದ ಊದುಬತ್ತಿಯನ್ನು ಅಂಚಿನ ಸುತ್ತ ನಿಧಾನವಾಗಿ ಒಯ್ಯುವುದು. ನೇರವಾಗಿ ಏಳುತ್ತಿದ್ದ ಹೊಗೆ ಎಲ್ಲಿ ಪಕ್ಕಕ್ಕೆ ಚದುರುತ್ತದೋ ಅಲ್ಲಿ ತೂತು. ಗಾಳಿಯಿಲ್ಲದ ಸಂಜೆಯಲ್ಲೇ ಇದನ್ನು ಮಾಡಬೇಕು. ಹಿತ್ತಲಿನಲ್ಲಿ ನಾನು ಒಲೆಗೆ ಪ್ರದಕ್ಷಿಣೆ ಬರುವಂತೆ ಊದುಬತ್ತಿ ಬೆಳಗುವುದನ್ನು ಬೇಲಿಯಾಚೆಯಿಂದ ನೋಡಿದ ಹಿರಿಯರು, ಇದು ನಿಮ್ಮ ಧರ್ಮದಲ್ಲಿ ಇದೆಯೇ ಎಂದು ಬಹಳ ಗೌರವದಿಂದ ಕೇಳಿದರು. ಆಯುಧಪೂಜೆಯ ವಿಷಯ ಅವರಿಗೆ ಹೇಳಿದ್ದು ಆವತ್ತೇ.

ತೂತುಗಳು ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದವು. ಮುಚ್ಚಿದೆ ಎಂದುಕೊಂಡಿದ್ದ ತಳದ ಅಲಗುಗಳು ಬೋಗುಣಿಗೆ ಪೂರ್ತಿ ಅಂಟಿಕೊಳ್ಳುತ್ತಿರಲಿಲ್ಲ, ಕಾಲುಗಳು ಕೂರುವ ಕಡೆ ಸಂದುಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಳದ ಬಾಯಿ. ಯಾವಾಗಲೋ ಒಮ್ಮೆ ಕೈತಪ್ಪಿ ಬಿದ್ದ ಆ ಮುಚ್ಚಳ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿತ್ತು. ನಾನು ಸೇರಿಸಿದ ಕೊಳವೆಯೂ ಕಳ್ಳದಾರಿಯೇ ಆಗಿತ್ತು: ಬಿಸಿಗಾಳಿ ನೆತ್ತಿಯಿಂದ ಹೊರಟೊಡನೆ ನಿಂತ ಫ್ಯಾನಿನ ರೆಕ್ಕೆಗಳ ಸಂದಿನಿಂದಲೇ ಹೊಸ ಗಾಳಿ ಒಳಗೆ ಬರುತ್ತಿತ್ತು. ಅದಕ್ಕೆ ತೆಳು ತಗಡಿನ ಒಂದು ಕದ ಕಟ್ಟಿದೆ. ಫ್ಯಾನ್ ಊದಿದಾಗ ತೆರೆದುಕೊಂಡು, ನಿಂತಾಗ ತನ್ನ ಭಾರಕ್ಕೆ ತಾನೇ ಬೀಳುವ ಕದ. ತಳದ ಕಿಂಡಿಗಳಿಗೆ ಅಲ್ಯೂಮಿನಿಯಂ ಟೇಪು ಅಂಟಿಸಿದೆ. ಮುಚ್ಚಳಕ್ಕೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ, "ದಮ್ ಬಿರಿಯಾನಿಗೆ ಮೆತ್ತೋ ಹಾಗೆ ಹಿಟ್ಟು ಮೆತ್ತಿ ನೋಡಿ" ಎಂದವಳು ಹೆಂಡತಿ. ಮೆತ್ತಿದೆ. ಮೊದಲ ಮೂರು ಗಂಟೆ ಆ ಒಲೆ ನನ್ನ ಕನಸಿನ ಒಲೆಯಾಗಿತ್ತು, ತಾಪ 223ರಿಂದ 228ರ ನಡುವೆ ಅಲುಗಾಡಲಿಲ್ಲ. ಆಮೇಲೆ ಹಿಟ್ಟು ಒಣಗಿ, ಬಿರಿದು, ಚಕ್ಕೆಯಾಗಿ ಉದುರಿತು. ಬಿರಿಯಾನಿಗೆ ಅರ್ಧ ಮುಕ್ಕಾಲು ಗಂಟೆ ಸಾಕು, ಹದಿಮೂರು ಗಂಟೆ ಕಾಯುವ ಹಿಟ್ಟು ಯಾರ ಮನೆಯಲ್ಲೂ ಇಲ್ಲ. ಆದರೆ ರೋಗ ಎಲ್ಲಿದೆ ಎಂಬುದು ಅದರಿಂದ ಖಚಿತವಾಯಿತು. ಮುಂದಿನ ವಾರ ನೋಮೆಕ್ಸ್ ಎಂಬ, ಶಾಖಕ್ಕೆ ಜಗ್ಗದ ನಾರಿನ ಪಟ್ಟಿಯನ್ನು ತರಿಸಿ, ಬಾಯಂಚಿನ ಸುತ್ತ ಶಾಖನಿರೋಧಕ ಸಿಲಿಕೋನಿನಿಂದ ಅಂಟಿಸಿದೆ. ಸೊಟ್ಟಗಿದ್ದ ಕಡೆ ಮುಚ್ಚಳವನ್ನು ಒತ್ತಿ ಹಿಡಿಯಲು ಕಾಗದಕ್ಕೆ ಹಾಕುವ ದಪ್ಪ ಬೈಂಡರ್ ಕ್ಲಿಪ್ಪುಗಳೇ ಸಾಕಾದವು.

ಇಲ್ಲೊಂದು ಮಾತು ಮರೆಯಬಾರದು. ಎಷ್ಟೇ ಬಿಗಿ ಮಾಡಿದರೂ ನೆತ್ತಿಯ ಕಿಂಡಿಯನ್ನು ಪೂರ್ತಿ ಮುಚ್ಚುವಂತಿಲ್ಲ. ಹೊಗೆ ಒಳಗೇ ಮಡುಗಟ್ಟಿದರೆ ಮಾಂಸದ ಮೇಲೆ ಕಹಿಯಾದ ಕಪ್ಪು ಲೇಪ ಕೂರುತ್ತದೆ. ಪೆನ್ಸಿಲಿನಷ್ಟು ದಪ್ಪದ ಸಂದು ಬಿಟ್ಟರೆ ತೆಳುವಾದ, ನೀಲಿ ಛಾಯೆಯ ಹೊಗೆ ಎಳೆಯಾಗಿ ಹೊರಡುತ್ತದೆ. ಅದೇ ಒಳ್ಳೆಯ ಹೊಗೆ.

ಒಲೆ ಬಿಗಿಯಾದ ಮೇಲಷ್ಟೇ ಕಂಟ್ರೋಲರಿನ ಜಾಣತನ ನನಗೆ ಕಾಣತೊಡಗಿತು. ಅದರೊಳಗಿರುವುದು ಪಿಐಡಿ ಎಂಬ ಹಳೆಯ ವಿದ್ಯೆ. ರಷ್ಯಾದಲ್ಲಿ ಹುಟ್ಟಿ ಅಮೆರಿಕೆಗೆ ಬಂದ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಹಡಗುಗಳ ಸ್ವಯಂಚಾಲಿತ ಚುಕ್ಕಾಣಿಯ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಗಣಿತವಾಗಿ ವಿವರಿಸಿದ್ದರು. ಒಳ್ಳೆಯ ಚುಕ್ಕಾಣಿಗ ಹಡಗು ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಇಷ್ಟು ಹೊತ್ತು ಒಟ್ಟು ಎಷ್ಟು ತಪ್ಪಿದೆ, ಈ ಕ್ಷಣದಲ್ಲಿ ಎಷ್ಟು ರಭಸದಿಂದ ಹೊರಳುತ್ತಿದೆ ಎಂಬುದನ್ನೂ ಗಮನಿಸುತ್ತಾನೆ. ನನ್ನ ಹಿತ್ತಲಿನ ಪೆಟ್ಟಿಗೆಯೂ ಹಾಗೆಯೇ: ಈಗಿನ ಕೊರತೆ, ಇಲ್ಲಿಯವರೆಗಿನ ಬಾಕಿ, ಏರುವ ವೇಗ, ಈ ಮೂರನ್ನೂ ತೂಗಿ ಎಷ್ಟು ಊದಬೇಕೆಂದು ನಿರ್ಧರಿಸುತ್ತದೆ. ಹಡಗಿನಂತೆಯೇ ಇದ್ದಿಲಿಗೂ ತಡಮಾಡುವ ಗುಣವಿದೆ. ಈಗ ಊದಿದ ಗಾಳಿಯ ಫಲ ಜಾಲರಿಯ ಮೇಲೆ ಕಾಣಲು ಹಲವು ನಿಮಿಷ ಬೇಕು. ಅಷ್ಟರೊಳಗೆ ಅವಸರಪಟ್ಟು ಇನ್ನಷ್ಟು ಊದಿದವನು ಕೆಡುತ್ತಾನೆ.

ಬಾಕಿಯ ಲೆಕ್ಕ ಇಡುವವರಿಗೆ ಒಂದು ದೌರ್ಬಲ್ಯವೂ ಉಂಟು. ಮುಚ್ಚಳ ತೆರೆದಿರೆಂದುಕೊಳ್ಳಿ. ತಾಪ ಒಮ್ಮೆಲೆ 225ರಿಂದ 140ಕ್ಕೆ ಕುಸಿಯುತ್ತದೆ. ಬೆಂಕಿಗೆ ಏನೂ ಆಗಿಲ್ಲ, ಬದಲಿಗೆ ತೆರೆದ ಬಾಯಿಂದ ಅದು ಹೊಟ್ಟೆತುಂಬ ಉಸಿರೆಳೆಯುತ್ತಿದೆ. ಆದರೆ ಪೆಟ್ಟಿಗೆಗೆ ಕಾಣುವುದು ಕೊರತೆ ಮಾತ್ರ. ಅದು ಗಾಬರಿಗೊಂಡು ಫ್ಯಾನನ್ನು ಪೂರ್ತಿ ಬಿಡುತ್ತದೆ, ಮುಚ್ಚಳ ಹಾಕಿದ ಹತ್ತು ನಿಮಿಷಕ್ಕೆ ತಾಪ 300. ಹೀಗಾಗಿ ಈಚಿನ ಕಂಟ್ರೋಲರುಗಳಲ್ಲಿ ತಾಪ ತಟಕ್ಕನೆ ಬಿದ್ದರೆ ಮುಚ್ಚಳ ತೆರೆದಿರಬೇಕೆಂದು ಊಹಿಸಿ ಕೆಲವು ನಿಮಿಷ ಫ್ಯಾನನ್ನು ತಡೆಹಿಡಿಯುವ ಏರ್ಪಾಡಿರುತ್ತದೆ. ನನ್ನದರಲ್ಲಿ ಅದು ಇತ್ತು, ಆದರೆ ಚಾಲನೆಗೊಳಿಸಬೇಕೆಂಬುದು ನನಗೆ ತಿಳಿದದ್ದು ಎರಡು ತುಂಡು ಮಾಂಸದ ಹೊರಮೈ ಕರಕಲಾದ ಮೇಲೆ.

ಪೆಟ್ಟಿಗೆ ನಂಬುವುದು ತನ್ನ ಪ್ರೋಬನ್ನು ಮಾತ್ರ ಎಂಬ ಪಾಠ ಇನ್ನೂ ದುಬಾರಿಯಾಗಿ ಬಂತು. ಜಾಲರಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ್ದ ಪ್ರೋಬು ಒಂದು ರಾತ್ರಿ ಜಾರಿ ತಣ್ಣಗಿದ್ದ ಮಾಂಸಕ್ಕೆ ಒರಗಿಕೊಂಡಿತು. ಅದು 160 ಎಂದು ಹೇಳುತ್ತಲೇ ಇತ್ತು, ಫ್ಯಾನು ಊದುತ್ತಲೇ ಇತ್ತು. ಫ್ಯಾನಿನ ಕೃಪೆಯಿಂದ ನಾನು ನಿದ್ದೆ ಮಾಡುತ್ತಿದ್ದೆ. ಕೆಟ್ಟ ಕನಸೊಂದರಿಂದ ಎದ್ದು ಕಿಟಕಿಯಲ್ಲಿ ನೋಡಿದಾಗ ಕೆಟಲ್ಲಿನ ನೆತ್ತಿಯಿಂದ ದಟ್ಟ ಹೊಗೆ ಏಳುತ್ತಿತ್ತು. ಮುಚ್ಚಳದ ಮೇಲಿನ ಮುಳ್ಳು 400 ದಾಟಿತ್ತು. ಮುಚ್ಚಳದ ಆ ಮುಳ್ಳನ್ನು ನಾನು ಬಹುಕಾಲದಿಂದ ತಾತ್ಸಾರ ಮಾಡುತ್ತಿದ್ದೆ, ಏಕೆಂದರೆ ಅದು ಅಳೆಯುವುದು ಮುಚ್ಚಳದಡಿಯ ಗಾಳಿಯನ್ನು, ಮಾಂಸ ಕೂತಿರುವ ಜಾಲರಿಯನ್ನಲ್ಲ. ಆದರೂ ಆ ರಾತ್ರಿ ನಿಜ ಹೇಳಿದ್ದು ಅದೊಂದೇ. ಅಂದಿನಿಂದ ಪ್ರೋಬನ್ನು ಮಾಂಸದಿಂದ ಎರಡು ಅಂಗುಲ ದೂರದಲ್ಲಿ ತಂತಿ ಸುತ್ತಿ ಕಟ್ಟುತ್ತೇನೆ, ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ, ಮಲಗುವ ಮುಂಚೆ ಮುಳ್ಳನ್ನೂ ಒಮ್ಮೆ ನೋಡುತ್ತೇನೆ.

ಮಾಂಸದೊಳಗೆ ಚುಚ್ಚಿಟ್ಟ ಇನ್ನೊಂದು ಪ್ರೋಬು ಬೇರೆಯದೇ ದಿಗಿಲು ಹುಟ್ಟಿಸಿತು. ಒಳತಾಪ 155 ಡಿಗ್ರಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ. ಫ್ಯಾನು ಕೆಟ್ಟಿತೆಂದೇ ನಾನು ತಂತಿಗಳನ್ನೆಲ್ಲ ಬಿಚ್ಚಿ ನೋಡಿದೆ. ಒಲೆಯ ತಾಪ ಸರಿಯಾಗಿಯೇ ಇತ್ತು. ಇಲ್ಲಿನವರು ಸ್ಟಾಲ್ ಎಂದು ಕರೆಯುವ ಈ ತಂಗುದಾಣದ ಕಾರಣ ಬೆವರು: ಮಾಂಸದ ಒಳಗಿನಿಂದ ಮೇಲ್ಮೈಗೆ ಬಂದ ನೀರು ಆವಿಯಾಗುತ್ತಾ, ಒಲೆ ಕೊಟ್ಟ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಮೇಲ್ಮೈ ಒಣಗಿದ ಮೇಲೆ ತಾಪ ತಾನಾಗಿ ಏರುತ್ತದೆ. ಅವಸರವಿದ್ದವರು ಮಾಂಸವನ್ನು ಫಾಯಿಲಿನಲ್ಲೋ ದಪ್ಪ ಕಾಗದದಲ್ಲೋ ಸುತ್ತಿ ಆವಿಯನ್ನು ಕಟ್ಟಿಹಾಕುತ್ತಾರೆ. ಈ ವಿಷಯದಲ್ಲಿ ಫ್ಯಾನು ಮಾಡುವಂಥದ್ದು ಏನೂ ಇಲ್ಲ.

ಇದ್ದಿಲಿನ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಯಿತು. ಮೊದಲು ಮರದ ಆಕಾರವೇ ಉಳಿದಿರುವ ನಿಜವಾದ ಇದ್ದಿಲಿನ ಪಕ್ಷದವನಾಗಿದ್ದೆ. ದಿಂಬಿನಾಕಾರದ ಬ್ರಿಕೆಟ್ಟುಗಳು ಕಾರ್ಖಾನೆಯ ಮಾಲೆಂದು ಅಸಡ್ಡೆಯಿತ್ತು. ಅವು ಕಾರ್ಖಾನೆಯ ಮಾಲೇ ಹೌದು. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ತನ್ನ ಕಾರುಗಳಿಗೆ ಮರ ಕೊಯ್ದು ಉಳಿದ ಚೂರುಗಳನ್ನು ವ್ಯರ್ಥ ಮಾಡಬಾರದೆಂದು ಮಿಶಿಗನ್ನಿನಲ್ಲಿ ಬ್ರಿಕೆಟ್ ತಯಾರಿಸತೊಡಗಿದ್ದ, ಈಗ ಕಿಂಗ್ಸ್‌ಫರ್ಡ್ ಹೆಸರಿನಲ್ಲಿ ಮಾರಾಟವಾಗುವುದು ಅದರದೇ ಸಂತತಿ. ಬೂದಿ ಜಾಸ್ತಿ, ಹತ್ತುವಾಗ ವಾಸನೆ. ಆದರೆ ಎಲ್ಲವೂ ಒಂದೇ ಗಾತ್ರದವಾದ್ದರಿಂದ ಫ್ಯಾನಿಗೆ ಅವು ಹೇಳಿಮಾಡಿಸಿದ ಜೋಡಿ. ಮರದ ಇದ್ದಿಲಿನಲ್ಲಿ ಮುಷ್ಟಿಯಷ್ಟು ತುಂಡೊಂದು, ಪುಡಿಯೊಂದು. ಬೆಂಕಿ ಅಲ್ಲಿ ಓಡುತ್ತದೆ, ಇಲ್ಲಿ ತೆವಳುತ್ತದೆ.

ಕರೆಂಟು ಹೋದರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಒಮ್ಮೆ ಹೋಗಿತ್ತು, ಬೇಸಿಗೆಯ ಗುಡುಗುಮಳೆಯಲ್ಲಿ. ಫ್ಯಾನು ನಿಂತಿತು, ಕದ ಬಿತ್ತು, ಬಿಗಿಯಾದ ಒಲೆಯಲ್ಲಿ ಬೆಂಕಿ ಉಸಿರು ಕಡಿಮೆಯಾಗಿ ನಿಧಾನವಾಗಿ ಕುಗ್ಗಿತು. ಸೋರುವ ಒಲೆಯಾಗಿದ್ದರೆ ಹೆಚ್ಚಾಗುತ್ತಿತ್ತು. ಕುಗ್ಗುವುದೂ ಪೂರ್ತಿ ನಿರಪಾಯವಲ್ಲ, 40ರಿಂದ 140 ಡಿಗ್ರಿ ಫ್ಯಾರನ್‌ಹೀಟಿನ ನಡುವೆ ಹಸಿಮಾಂಸ ಬಹಳ ಹೊತ್ತು ಕುಳಿತರೆ ಎಸೆಯಬೇಕಾಗುತ್ತದೆ. ಆವತ್ತು ಒಳತಾಪ ಅದನ್ನು ದಾಟಿದ್ದರಿಂದ ಮನೆಯ ಓವನ್ನಿಗೆ ವರ್ಗಾಯಿಸಲು ಸಾಧ್ಯವಾಯಿತು. ಮಳೆಯೆಂದು ಕೆಟಲ್ಲನ್ನು ಗ್ಯಾರೇಜಿನೊಳಗೆ ತಳ್ಳುವ ಯೋಚನೆ ಆ ರಾತ್ರಿ ಬಂದಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಗಾಳಿಗೆ ಹಸಿದಿರುವ ಇದ್ದಿಲು ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡನ್ನು ಕಾರುತ್ತದೆ, ಬಾಗಿಲು ತೆರೆದಿದ್ದರೂ ಗ್ಯಾರೇಜು ಅದಕ್ಕೆ ಜಾಗವಲ್ಲ. ಮಾಂಸ ಹೋದರೆ ಹೋಗಲಿ.

ಹಿರಿಯರು ಈಗಲೂ ಹಾವನ್ನೇ ಜೋಡಿಸುತ್ತಾರೆ, ಅವರ ಮಾಂಸ ನನ್ನದಕ್ಕಿಂತ ಚೆನ್ನಾಗಿರುತ್ತದೆ ಎಂಬುದನ್ನು ನನ್ನ ಮಗಳೇ ಅವರೆದುರು ಹೇಳಿದ್ದಾಳೆ. ಮುಚ್ಚಳ ಮುಟ್ಟಿ, ಹೊಗೆಯ ಬಣ್ಣ ನೋಡಿ ತಾಪ ಹೇಳುವ ಅವರ ಅಳತೆ ನನಗೆ ಬರಲಿಲ್ಲ. ಫ್ಯಾನು ಬಂದ ಮೇಲೆ ಇನ್ನು ಬರುವುದೂ ಇಲ್ಲವೇನೋ. ಊರಿನಲ್ಲಿ ನಮ್ಮಜ್ಜಿ ಮರದ ಹೊಟ್ಟು ಗಿಡಿದ ಡಬ್ಬದ ಒಲೆಯನ್ನು ಬುಡದ ತೂತಿಗೆ ಒಂದು ಹೆಂಚಿನ ಚೂರು ಸರಿಸಿಯೇ ಅರ್ಧ ದಿನ ಹದದಲ್ಲಿಡುತ್ತಿದ್ದರು. ಆಗ ಅದನ್ನು ಕಲಿಯುವಂಥದ್ದೆಂದು ನಾನು ಎಣಿಸಿರಲಿಲ್ಲ.

ನನ್ನ ಒಲೆಯ ಬಿಗಿಯನ್ನು ನಾನು ಅಳೆಯುವುದು ಈಗ ಮಾಂಸದಿಂದಲ್ಲ, ಉಳಿದ ಇದ್ದಿಲಿನಿಂದ. ಫ್ಯಾನು ಹಾಕಿದ ಹೊಸತರಲ್ಲಿ ಅಡುಗೆ ಮುಗಿಸಿ ಎಲ್ಲ ಕಿಂಡಿ ಮುಚ್ಚಿ ಮಲಗಿದರೂ ಬೆಳಗ್ಗೆ ಬೋಗುಣಿಯಲ್ಲಿ ಬರೀ ಬೂದಿ ಇರುತ್ತಿತ್ತು; ಬೆಂಕಿ ಕದ್ದ ಗಾಳಿಯಲ್ಲಿ ರಾತ್ರಿಯಿಡೀ ಬದುಕಿರುತ್ತಿತ್ತು. ಹೋದ ಶನಿವಾರ ನಾಲ್ಕು ಕಿಲೋ ಬ್ರಿಕೆಟ್ ಸುರಿದು ಹದಿಮೂರು ಗಂಟೆ ಬೇಯಿಸಿದೆ. ಮಾಂಸ ತೆಗೆದೊಡನೆ ಫ್ಯಾನ್ ಬಿಚ್ಚಿ, ಕೊಳವೆಯ ಬಾಯಿಗೆ ಬಿರಡೆ ತಿರುಗಿಸಿ, ನೆತ್ತಿಯ ಕಿಂಡಿ ಮುಚ್ಚಿದೆ. ಸೋಮವಾರ ಸಂಜೆ ತೆರೆದು ನೋಡಿದರೆ ಅರ್ಧದಷ್ಟು ಬ್ರಿಕೆಟ್ಟುಗಳು ಕಪ್ಪಾಗಿ, ಗಟ್ಟಿಯಾಗಿ, ಇಟ್ಟ ಹಾಗೆಯೇ ಇದ್ದವು. ಅವನ್ನು ಜಾಲರಿಯ ಮೇಲೆ ಅಲ್ಲಾಡಿಸಿ, ಬೂದಿ ಉದುರಿಸಿ, ಮುಂದಿನ ಭಾನುವಾರದ ಕೋಳಿಗೆಂದು ಡಬ್ಬಿಗೆ ತುಂಬಿಟ್ಟೆ. ಕೋಳಿಗೆ ಫ್ಯಾನು ಬೇಡ. ತಳದ ಟೇಪು ಕಿತ್ತು ಮೂರೂ ಕಿಂಡಿಗಳನ್ನು ಪೂರ್ತಿ ತೆರೆದುಬಿಡುತ್ತೇನೆ.